ಆರನೇ ಸ್ಟೇಜಿಗೆ ಬಂದ ವರ

ಸುಮೇಧಾಳನ್ನು ನೋಡಲು ಬಂದ ಏಳನೆಯ ಗಂಡು ಸುಘೋಷ. ಮೊದಲಿನ ಆರು ಜನರಲ್ಲಿ ಇಬ್ಬರಿಗೆ ಅವಳ ಎತ್ತರ ಹೆಚ್ಚಾಗಿತ್ತು, ಒಬ್ಬನಿಗೆ ಅವಳ ಸಂಬಳ ಹೆಚ್ಚಾಗಿತ್ತು. ಮಿಕ್ಕ ಮೂವರು ಬಜ್ಜಿ ತಿಂದು, "ಮನೆಗೆ ಹೋಗಿ ಫೋನ್ ಮಾಡ್ತೀವಿ" ಎಂದು ಹೊರಟವರು ಇನ್ನೂ ಮನೆ ತಲುಪಿದಂತಿರಲಿಲ್ಲ.

ಅದು ೨೦೦೧ರ ಒಂದು ಭಾನುವಾರ. ನಾಲ್ಕೂವರೆಗೆ ರಾಹುಕಾಲ ಶುರುವಾಗುತ್ತದೆಂದು ಬೆಸೆಂಟ್ ನಗರದಿಂದ ಗಂಡಿನ ಕಡೆಯವರು ಮೂರಕ್ಕೇ ನುಂಗಂಬಾಕ್ಕಂನ ಮನೆಗೆ ಬಂದಿಳಿದರು: ಸುಘೋಷ, ಅವನ ತಾಯಿ ಜಯಲಕ್ಷ್ಮೀ, ತಂದೆ ವಿಶ್ವನಾಥ ರಾಯರು. ಸುಮೇಧಾಳ ಅಪ್ಪ ಕಮಲಾಕರ ರಾಯರು ಮೂರು ಸಲ "ಬನ್ನಿ ಬನ್ನಿ" ಎಂದರು. ಅಮ್ಮ ಶ್ರೀವಿದ್ಯಾ ಬಜ್ಜಿ ತಂದಿಟ್ಟರು. ಅಜ್ಜಿ ಅಂಬುಜಮ್ಮ ಮಾತ್ರ ಮೂಲೆಯ ಕುರ್ಚಿಯಲ್ಲಿ ಕೂತು ಹುಡುಗನನ್ನು ಬದನೆಕಾಯಿ ಆರಿಸುವವರ ಹಾಗೆ ನೋಡುತ್ತಿದ್ದರು.

"ಹುಡುಗ ಹುಡುಗಿ ಎರಡು ಮಾತಾಡ್ಲಿ," ಎಂದರು ವಿಶ್ವನಾಥ ರಾಯರು. ಇಬ್ಬರನ್ನೂ ಟಿವಿ ಇದ್ದ ನಡುಕೋಣೆಗೆ ಅಟ್ಟಲಾಯಿತು.

ಸುಮೇಧಾಳಿಗೆ ಇಪ್ಪತ್ತೇಳು. ಒಬ್ಬ ಆರ್ಕಿಟೆಕ್ಟ್‌ ಆಫೀಸಿನಲ್ಲಿ ಊರಿನವರ ಅಡುಗೆಮನೆಗಳ ನಕ್ಷೆ ಬರೆಯುವುದು ಅವಳ ಕೆಲಸ. ಸುಘೋಷನಿಗೆ ಮೂವತ್ತು, ಯಾವುದೋ ಕಂಪನಿಯಲ್ಲಿ ಕ್ವಾಲಿಟಿ ಕಂಟ್ರೋಲ್. ಇಬ್ಬರೂ ಫ್ಯಾನು ನೋಡಿದರು, ಕ್ಯಾಲೆಂಡರ್ ನೋಡಿದರು. "ಯು ಲೈಕ್ ಮ್ಯೂಸಿಕ್?" ಎಂದ ಅವನು. "ಕೇಳ್ತೀನಿ," ಎಂದಳು ಇವಳು. ಸಂಗೀತದ ವಿಷಯ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಅವನ ಕಣ್ಣು ಟಿವಿಯ ಕೆಳಗೆ ಟವೆಲ್ ಹೊದ್ದುಕೊಂಡಿದ್ದ ಪೆಟ್ಟಿಗೆಯ ಮೇಲೆ ಬಿತ್ತು. ಅದು ಐದು ವರ್ಷದ ಹಿಂದೆ ಅವಳಿಗೆ ಕೆಲಸ ಸಿಕ್ಕಿದ ಖುಷಿಗೆ ಅಪ್ಪ ಬರ್ಮಾ ಬಜಾರಿನಿಂದ ತಂದ ವಿಡಿಯೋ ಗೇಮು. ಅದರೊಳಗಿದ್ದ ಕ್ಯಾಸೆಟ್ಟು ಒಂದು ಇಂಗ್ಲಿಷ್ ಅಂತರಿಕ್ಷದ ಸಿನಿಮಾದಿಂದ ಮಾಡಿದ್ದು. ಆ ಸಿನಿಮಾವನ್ನು ಸುಮೇಧಾ ಒಂದು ಮೇ ತಿಂಗಳ ಮಧ್ಯಾಹ್ನ, ಏಸಿಯ ಆಸೆಗೆ, ತಮಿಳು ಡಬ್ಬಿಂಗಿನಲ್ಲಿ ನೋಡಿದ್ದಳು. ಯಾವುದೋ ದೂರದ ಚಂದ್ರನ ಮೇಲೆ ಸಿಕ್ಕಿಹಾಕಿಕೊಂಡ ಮುದುಕ ವಿಜ್ಞಾನಿ ಎರಡು ಗಂಟೆ ಕಿಟಕಿಯಾಚೆ ನೋಡುತ್ತಾ ಹೆಂಡತಿಯನ್ನು ನೆನೆದು ಅಳುತ್ತಾನೆ, ಅಷ್ಟೇ ಕಥೆ. ಕಿಟಕಿ ನೋಡಿ ಅಳುವುದಕ್ಕೆ ಬಟನ್ ಒತ್ತುವ ಅಗತ್ಯವಿಲ್ಲ ಎಂಬುದು ಗೇಮು ಮಾಡಿದವರಿಗೆ ಹೊಳೆದಿರಬೇಕು. ಅವರ ಕೈಯಲ್ಲಿ ಅದೇ ಮುದುಕ ಬಂಡೆಯಿಂದ ಬಂಡೆಗೆ ಕಪ್ಪೆಯ ಹಾಗೆ ನೆಗೆಯುತ್ತಿದ್ದ, ಏಡಿಗಳ ತಲೆ ಮೆಟ್ಟುತ್ತಿದ್ದ, ಗಾಳಿಯೇ ಇಲ್ಲದ ಚಂದ್ರನ ಮೇಲೆ ಕ್ಯಾರೆಟ್ ಹೆಕ್ಕಿ ತಿನ್ನುತ್ತಿದ್ದ. ಸಿನಿಮಾದಲ್ಲಿ ಮೆಲುದನಿಯಲ್ಲಿ ಸಾವಿನ ಬಗ್ಗೆ ಮಾತಾಡಿದ ಕಂಪ್ಯೂಟರು ಇಲ್ಲಿ ಹಸಿರು ಫ್ರಿಜ್ಜಾಗಿ, ಬಾಗಿಲು ತೆರೆದು ಐಸ್ ಎಸೆಯುತ್ತಿತ್ತು. ಅದು ಆರನೇ ಸ್ಟೇಜು, ಕೊನೆಯದು. ಐದು ವರ್ಷದಿಂದ ಸುಮೇಧಾ ಆ ಫ್ರಿಜ್ಜಿನ ಹತ್ತಿರ ಸಾಯುತ್ತಲೇ ಇದ್ದಳು. ಸತ್ತರೆ ಮತ್ತೆ ಮೊದಲನೇ ಬಂಡೆಯಿಂದ ಶುರು.

"ಏ, ಇದು ಆ ಚಂದ್ರನ್ ಗೇಮ್ ತಾನೆ?" ಎಂದ ಸುಘೋಷ. "ನಾನ್ ಫಿನಿಶ್ ಮಾಡಿದೀನಿ. ಟೂ ಟೈಮ್ಸ್."

ಸುಮೇಧಾ ಸರಕ್ಕನೆ ಅವನ ಕಡೆ ತಿರುಗಿದಳು. ಆರು ಗಂಡುಗಳಲ್ಲಿ ಒಬ್ಬನೂ ಅವಳಿಗೆ ಈ ಸುಖ ಕೊಟ್ಟಿರಲಿಲ್ಲ.

"ಫ್ರಿಜ್ಜನ್ನೂ ಸೋಲಿಸಿದೀರಾ?"

"ಫ್ರಿಜ್ ಎಲ್ಲಾ ಜುಜುಬಿ."

ಅವಳು ಕ್ಯಾಸೆಟ್ ತೆಗೆದು, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿ, ರಿಮೋಟನ್ನು ಅವನ ಕೈಗಿತ್ತಳು. ಸುಘೋಷ ಮೊದಲನೇ ಹಳ್ಳಕ್ಕೇ ಬಿದ್ದ. "ಬಟನ್ ಹಿಡ್ಕೊಳ್ತಿದೆ," ಎಂದ. ಎರಡನೇ ಸಲ ಏಡಿ ಕಚ್ಚಿತು. "ನಿಮ್ಮ ಟಿವಿ ಸ್ವಲ್ಪ ಲೇಟು." ಮೂರನೇ ಸಲ ಅದೇ ಏಡಿ. "ನಾನ್ ಆಡಿದ್ದ ಗೇಮ್‌ನಲ್ಲಿ ಇಲ್ಲಿ ಏಡಿನೇ ಇರ್ಲಿಲ್ಲ!"

ಸುಮೇಧಾ ರಿಮೋಟು ಇಸಕೊಂಡು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಕೂತಳು. ಒಂದು, ಎರಡು, ಮೂರು ಸ್ಟೇಜು ದಾಟಿದವು. ಸುಘೋಷನೂ ಕುರ್ಚಿ ಬಿಟ್ಟು ಪಕ್ಕಕ್ಕೆ ಇಳಿದ. "ಲೆಫ್ಟು, ಲೆಫ್ಟು! ಮೇಲ್ ನೋಡಿ, ಮೇಲ್!" ಎಂದು ಕಿರುಚಿದ. ಐದನೇ ಸ್ಟೇಜಿನಲ್ಲಿ ಇಬ್ಬರೂ ಒಟ್ಟಿಗೇ ಉಸಿರು ಹಿಡಿದರು. ಈ ಮನುಷ್ಯನ ಪಕ್ಕ ಕೂರುವುದು ಅಷ್ಟೇನೂ ಕಷ್ಟವಲ್ಲ ಎಂದು ಅವಳಿಗೆ ಅನ್ನಿಸಿತು.

ಆಮೇಲೆ ಹಾಲಿನಲ್ಲಿದ್ದವರಿಗೆ ಕೇಳಿದ್ದು ಸುಮೇಧಾಳ ದನಿ: "ಸಾಯಿ! ಸಾಯೋ ಮುಂಡೇದೆ! ನಿನ್ನ ಬಾಗಿಲು ಮುರೀತೀನಿ ತಾಳು!"

ಜಯಲಕ್ಷ್ಮೀಯ ಕೈಯ ಬಜ್ಜಿ ಬಾಯಿಯ ಹತ್ತಿರವೇ ನಿಂತಿತು. "ಆಟ... ಆಟ ಆಡ್ತಿದಾರೆ," ಎಂದರು ಕಮಲಾಕರ ರಾಯರು, ಬೆವರು ಒರೆಸಿಕೊಳ್ಳುತ್ತಾ.

ಒಳಗೆ ಸುಮೇಧಾ ಆವತ್ತು ಒಂದು ಸಂಗತಿ ಕಂಡುಹಿಡಿದಿದ್ದಳು. ಮೂರನೇ ಐಸ್ ಎಸೆದ ಮೇಲೆ ಫ್ರಿಜ್ಜಿನ ಬಾಗಿಲು ಅರೆಗಳಿಗೆ ತೆರೆದೇ ಇರುತ್ತದೆ, ಆಗ ಒಳಗೆ ನುಗ್ಗಿ ಒದೆಯಬೇಕು. ಒದ್ದಳು. ಮತ್ತೆ ಒದ್ದಳು. ಇನ್ನು ಒಂದೇ ಒಂದು ಒದೆ. ಮುದುಕ ನೆಗೆದ. ಟಿವಿ ಕಪ್ಪಾಯಿತು.

ಕರೆಂಟ್ ಹೋಯಿತೆಂದುಕೊಂಡಳು. ಆದರೆ ಫ್ಯಾನು ತಿರುಗುತ್ತಲೇ ಇತ್ತು. ನೆಲದ ಮೇಲಿದ್ದ ಸ್ವಿಚ್ ಬೋರ್ಡಿನ ಕಡೆ ನೋಡಿದರೆ, ಅದರ ಮೇಲೆ ಸುಘೋಷನ ಬಲಗಾಲಿನ ಹೆಬ್ಬೆರಳು.

"ಅಯ್ಯೋ, ಸಾರಿ. ಕಾಲ್ ತಾಕ್ಬಿಡ್ತು," ಎಂದ ಅವನು. ಹೆಬ್ಬೆರಳು ಇನ್ನೂ ಅಲ್ಲೇ ಇತ್ತು.

ಸುಮೇಧಾ ರಿಮೋಟನ್ನು ನೆಲಕ್ಕಿಟ್ಟಳು. ಎದ್ದು ಹಾಲಿಗೆ ಬಂದಳು. ಅವನೂ ಹಿಂದೆಯೇ ಬಂದ.

"ಹುಡುಗನ ಮುಖ ನೋಡಿದ್ರೇ ತಿಳಿಯತ್ತೆ," ಎಂದರು ಜಯಲಕ್ಷ್ಮೀ. "ನಮಗೆ ಒಪ್ಪಿಗೆ."

"ನಂಗೆ ಬೇಡ," ಎಂದಳು ಸುಮೇಧಾ.

"ಏನ್ಮಾ ಇದು!" ಎಂದರು ಕಮಲಾಕರ ರಾಯರು. "ಕಾರಣ ಹೇಳು."

"ನಾನು ಗೆಲ್ಲೋ ಹೊತ್ತಿಗೆ ಇವರು ಸ್ವಿಚ್ ಆಫ್ ಮಾಡಿದ್ರು."

ಜಯಲಕ್ಷ್ಮೀ ನಕ್ಕುಬಿಟ್ಟರು. "ಅಷ್ಟೇ ತಾನೆ? ಅವನು ಚಿಕ್ಕಂದಿನಿಂದ ಹಾಗೇಮ್ಮಾ. ಸೋತ್ರೆ ಜ್ವರ ಬಂದ್ಬಿಡತ್ತೆ. ಅದಕ್ಕೇ ಕೇರಂನಲ್ಲಿ ನಾವೇ ಬೇಕೂಂತ ಸೋತುಕೊಡ್ತೀವಿ. ನೀನೂ ಕೊಂಜ ಅಡ್ಜಸ್ಟ್ ಮಾಡ್ಕೊಂಡ್ರೆ ಆಯ್ತು."

ಸುಘೋಷ ತಾಯಿಯ ಕಡೆ ತಿರುಗಿದ. "ಸೋತುಕೊಡ್ತೀರಾ?"

ಜಯಲಕ್ಷ್ಮೀ ಸೆರಗನ್ನು ಹೆಗಲಿಗೆ ಎಳೆದುಕೊಂಡರು.

"ಅಪ್ಪಾ?"

ವಿಶ್ವನಾಥ ರಾಯರು ಕಾಫಿ ಲೋಟದೊಳಗೆ ನೋಡುತ್ತಾ, "ಇಪ್ಪತ್ತೆರಡು ವರ್ಷದಿಂದ," ಎಂದರು.

ಸುಘೋಷನ ಮುಖ ಸಣ್ಣಗಾಯಿತು. ಸುಮೇಧಾಳಿಗೆ ಸಿಟ್ಟಿನ ನಡುವೆಯೂ ಅಯ್ಯೋ ಅನ್ನಿಸಿತು. ಅಂಬುಜಮ್ಮ ಗಂಟಲು ಸರಿಮಾಡಿಕೊಂಡರು.

"ನಮ್ಮ ಹುಡುಗಿಗೆ ಬೇಕೂಂತ ಸೋಲಕ್ಕೆ ಬರಲ್ಲಮ್ಮ. ಅಡುಗೆ ಹೇಳಿಕೊಟ್ವಿ, ಹಾಡು ಹೇಳಿಕೊಟ್ವಿ, ಅದೊಂದು ಹೇಳಿಕೊಡಲಿಲ್ಲ. ತಗೊಳ್ಳಿ, ಇನ್ನೊಂದು ಬಜ್ಜಿ ತಿನ್ನಿ."

ರಾಹುಕಾಲಕ್ಕೆ ಐದು ನಿಮಿಷ ಮುಂಚೆ ಅವರ ಆಟೋ ಹೊರಟಿತು. "ಗೇಮಿಗೋಸ್ಕರ ಗಂಡನ್ನ ಬಿಟ್ಟಳು ಅಂತ ಜನ ನಗ್ತಾರೆ," ಎಂದು ಕಮಲಾಕರ ರಾಯರು ಸಂಜೆಯವರೆಗೆ ಗೊಣಗಿದರು. ಸುಮೇಧಾಳಿಗೆ ನೋವಾಗಿದ್ದು ಬೇರೆ ಕಾರಣಕ್ಕೆ. ಐದನೇ ಸ್ಟೇಜಿನಲ್ಲಿ ಅವನು ನಿಜವಾಗಿಯೂ ಹಿಡಿಸಿದ್ದ.

ಗುರುವಾರ ಅವಳು ಆಫೀಸಿನಿಂದ ಬರುವ ಹೊತ್ತಿಗೆ ಮನೆಯ ಫೋನು ಬಡಿದುಕೊಳ್ಳುತ್ತಿತ್ತು. ವಿಶ್ವನಾಥ ರಾಯರು.

"ಸಂಬಂಧದ ವಿಷಯ ಅಲ್ಲಮ್ಮ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು. ಸೋಮವಾರ ಕೇರಂನಲ್ಲಿ ಅವನನ್ನ ಸೋಲಿಸಿದೆ. ಇಪ್ಪತ್ತೊಂಬತ್ತು, ಎಂಟು."

"ಜ್ವರ ಬಂತಾ ಅಂಕಲ್?"

"ಇಲ್ಲ! ಎರಡು ದಿನ ಮಾತಾಡ್ಲಿಲ್ಲ. ಇವತ್ತು ಬೆಳಿಗ್ಗೆ ಕಾಫಿಗೆ ಮುಂಚೆಯೇ ಅವನೇ ಬೋರ್ಡ್ ಹಾಸಿ, 'ಬನ್ನಿ' ಅಂದ. ಮತ್ತೆ ಸೋತ. ಮತ್ತೆ ಹಾಸಿದ." ಮುದುಕರು ಒಳಗೊಳಗೇ ನಗುತ್ತಿದ್ದರು. "ನನ್ನ ಕೈ ಇಷ್ಟು ಚೆನ್ನಾಗಿದೆ ಅಂತ ನಂಗೇ ಮರೆತುಹೋಗಿತ್ತಮ್ಮ."

ಸುಮೇಧಾಳೂ ಜೋರಾಗಿ ನಕ್ಕಳು. ಆ ಫೋನಿನ ವಿಷಯ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಮತ್ತೆ ಜಾತಕ ಹೊರಗೆ ತೆಗೆಯುತ್ತಿದ್ದರು.