ಬೇವಿನ ಗಿಡ ದಾಟಿಸಿದ ಪಂಪು

ಶನಿವಾರ ಬೆಳಿಗ್ಗೆ ಆಸ್ಪತ್ರೆಯ ನಾಲ್ಕು ಅಂತಸ್ತಿನ ಹೊಸ ಕಟ್ಟಡದ ಗಾಜು ತೊಳೆಯುವಾಗ ಪಂಪು ಒಮ್ಮೆ ಕೆಮ್ಮಿತು, ಗುರ್ ಎಂದಿತು, ನಿಂತುಬಿಟ್ಟಿತು. ಮಿನಾಜ್ ಡಬ್ಬಿಯ ಮುಚ್ಚಳ ತೆಗೆದಾಗ ಸುಟ್ಟ ವೈರಿನ ವಾಸನೆ ಮುಖಕ್ಕೆ ಬಡಿಯಿತು. ಮೇಲೆ ಎರಡನೇ ಅಂತಸ್ತಿನ ಗಾಜಿನ ಮೇಲೆ ಸಿಮೆಂಟಿನ ಧೂಳು ಕೆಸರಾಗಿ ಅರ್ಧದವರೆಗೆ ಇಳಿದು, ಬಿಸಿಲಿಗೆ ಅಲ್ಲೇ ಒಣಗತೊಡಗಿತು.

ಆಕೆ ಗಂಡನ ಮುಖ ನೋಡಿದಳು. ಮತೀನ್ ಬೈಯಲಿಲ್ಲ, ಪಂಪಿಗೊಂದು ಒದೆಯೂ ಕೊಡಲಿಲ್ಲ. ಉದ್ದನೆಯ ಕೋಲನ್ನು ನಿಧಾನವಾಗಿ ಮಡಚಿ ಗೋಡೆಗೆ ಒರಗಿಸಿದ. ಸಿಟ್ಟಿಗೆದ್ದ ಮತೀನನನ್ನು ನಿಭಾಯಿಸುವುದು ಮಿನಾಜ್‌ಗೆ ಗೊತ್ತಿತ್ತು. ಹೀಗೆ ತಣ್ಣಗಾದ ಮತೀನನನ್ನು ಕಂಡರೆ ಆಕೆಗೆ ಭಯ.

"ನಾಳಿ ಮುಂಜಾನಿತನಕ ನೋಡ್ತೀನಿ," ಎಂದ. "ಪಂಪ್ ಸಿಕ್ರ ಛಲೋ. ಇಲ್ಲಂದ್ರ ಹಗ್ಗ ಕಟ್ತೀನಿ."

ಮನೆಯಲ್ಲಿ ಇಬ್ಬರದೂ ದಖನಿ ಉರ್ದು. ಜಗಳ, ಮುನಿಸು, ರಮಿಸುವುದು ಎಲ್ಲ ಅದರಲ್ಲೇ. ಕೆಲಸದ ವಿಷಯ ಬಂದಾಗ ಮಾತ್ರ ಮತೀನ್ ಹೆಂಡತಿಯೊಡನೆ ಕನ್ನಡಕ್ಕೆ ಇಳಿಯುತ್ತಿದ್ದ. ಕನ್ನಡದಲ್ಲಿ ಹೇಳಿದನೆಂದರೆ ಅದರ ಮೇಲೆ ಚೌಕಾಸಿ ನಡೆಯುವುದಿಲ್ಲ ಎಂದೇ ಅರ್ಥ.

ಮೊದಲೆಲ್ಲ ಆತ ಮಾಳಿಗೆಯಿಂದ ಹಗ್ಗ ಇಳಿಬಿಟ್ಟು, ಹಲಗೆಯ ಮೇಲೆ ಕೂತು, ಗಾಳಿಯಲ್ಲಿ ತೂಗಾಡುತ್ತಲೇ ಗಾಜು ಒರೆಸುತ್ತಿದ್ದ. ರಾಯಚೂರಿನಲ್ಲಿ ಅಷ್ಟು ಬಿಗಿ ಗಂಟು ಹಾಕುವವರು ಇನ್ನೊಬ್ಬರಿಲ್ಲ ಎಂದು ಜನ ಹೇಳುತ್ತಿದ್ದರು, ಈತ ಅದನ್ನು ಕೇಳಿ ಉಬ್ಬುತ್ತಿದ್ದ. ಮಾನ್ವಿಯ ಬಟ್ಟೆ ಅಂಗಡಿಯೊಂದರ ಮೂರನೇ ಅಂತಸ್ತಿನಲ್ಲಿ ಆ ಬಿಗಿ ಗಂಟೇ ಜಾರಿತು. ಕೆಳಗೆ ಬಿದ್ದು ಮುರಿದ ತೊಡೆಯೊಳಗೆ ಡಾಕ್ಟರು ಕಬ್ಬಿಣದ ಸರಳು ಹಾಕಿದರು. ಆತ ಮಂಚದ ಮೇಲಿದ್ದಾಗಲೇ ಮಿನಾಜ್ ಹಟ ಹಿಡಿದು ಈ ಯಂತ್ರ ತರಿಸಿದಳು. ಬ್ಯಾಟರಿಯ ಪಂಪು ಶುದ್ಧ ಮಾಡಿದ ನೀರನ್ನು ಟೊಳ್ಳು ಕೋಲಿನೊಳಗಿನ ಪೈಪಿನಲ್ಲಿ ಮೇಲಕ್ಕೆ ಕಳಿಸುತ್ತದೆ, ತುದಿಯ ಬ್ರಷ್ಷಿನಿಂದ ಅದು ಗಾಜಿನ ಮೇಲೆ ಇಳಿಯುತ್ತದೆ, ಮನುಷ್ಯ ನೆಲದ ಮೇಲೆ ನಿಂತು ಉಜ್ಜಿದರಾಯಿತು. ಹಗ್ಗವನ್ನು ಬಿಸಾಡು ಎಂದು ಎಷ್ಟು ಹೇಳಿದರೂ ಮತೀನ್ ಅದನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ್ದ. ಗಂಡಸರು ಇಂಥವನ್ನು ಯಾಕೆ ಇಟ್ಟುಕೊಳ್ಳುತ್ತಾರೋ ಆ ದೇವರಿಗೇ ಗೊತ್ತು.

ಕಟ್ಟಡದ ಉಸ್ತುವಾರಿಯ ವಿಶಾಖಾ ಸದ್ದು ಕೇಳಿ ಓಡಿಬಂದಳು. ಈ ಕೆಲಸವನ್ನು ಹೈದರಾಬಾದಿನ ಕಂಪನಿಗೆ ಕೊಡೋಣ ಎಂದ ಮಾಲೀಕರ ಎದುರು ನಿಂತು, ನಮ್ಮೂರವರೇ ಮಾಡುತ್ತಾರೆ ಎಂದು ವಾದಿಸಿದವಳು ಆಕೆ. ಸೋಮವಾರ ಬೆಳಿಗ್ಗೆ ಉದ್ಘಾಟನೆ. ಹಳೆಯ ಕಟ್ಟಡದಲ್ಲಿ ಜಾಗ ಸಾಲದೆ ಬಾಣಂತಿಯರನ್ನು ಆಗಲೇ ಕೆಳಗಿನ ವಾರ್ಡಿಗೆ ತಂದಿದ್ದರು. ಆಗುತ್ತದೆಯೇ ಎಂದು ವಿಶಾಖಾ ಕೇಳಿದಳು. ಆಗುತ್ತದೆ ಎಂದು ಮತೀನ್ ಮಾತು ಕೊಟ್ಟುಬಿಟ್ಟ. ಬಿದ್ದ ಮೇಲೆ ಮತೀನ್ ಮೂಲೆ ಸೇರಿದ ಎಂದು ಓಣಿಯ ಜನ ಆಡಿಕೊಂಡಿದ್ದು ಆತನಿಗೆ ಇನ್ನೂ ಚುಚ್ಚುತ್ತಿತ್ತು.

ಮಿನಾಜ್ ಸುಟ್ಟ ಪಂಪನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಯಂತ್ರ ಮಾರಿದವರು ಫೋನಿನಲ್ಲಿ, ಮಂಗಳವಾರಕ್ಕೆ ಮೊದಲು ಸಾಧ್ಯವಿಲ್ಲ ಮೇಡಂ ಎಂದರು. ಕುಡಿಯುವ ನೀರಿನ ಫಿಲ್ಟರ್ ಅಂಗಡಿಯವನು ಅಂಗೈಯಗಲದ ಪಂಪು ತೋರಿಸಿದ. ಅದಕ್ಕೆ ಬೇಕಾದ ಕರೆಂಟೇ ಬೇರೆ, ಇವಳ ಬ್ಯಾಟರಿಗೆ ಅದು ಏಳುವುದಿಲ್ಲ. ಗ್ಯಾರೇಜಿನವನು ಬೈಕು ತೊಳೆಯುವ ಪಂಪು ತಂದು, ಇದನ್ನು ಹಚ್ಚಿದರೆ ಗಾಜು ಫಳಫಳ ಎಂದು ಕುಣಿದಾಡಿದ. ಹಚ್ಚಿದರೆ ಗಾಜಿನ ಸುತ್ತಲಿನ ರಬ್ಬರೇ ಕಿತ್ತು ಬರುತ್ತದೆ ಎಂದು ಅವನಿಗೆ ಹೇಳಿ ಪ್ರಯೋಜನವಿರಲಿಲ್ಲ. ಕೊನೆಗೆ ಗಂಜ್ ಬಳಿಯ ವ್ಯಾಪಾರಿಯೊಬ್ಬ ಸುಟ್ಟ ಪಂಪನ್ನು ತಿರುಗಿಸಿ ನೋಡಿ, ಇದು ಹೊಲಕ್ಕೆ ಎಣ್ಣೆ ಹೊಡೆಯುವ ಬ್ಯಾಟರಿ ಮಷಿನಿನ ಪಂಪಿನ ಜಾತಿಯದೇ ಎಂದ. ಹತ್ತಿಗೆ ಔಷಧಿ ಹೊಡೆಯುವ ಸಮಯವಾದ್ದರಿಂದ ಅವನ ಹತ್ತಿರ ಒಂದೂ ಉಳಿದಿರಲಿಲ್ಲ. ದೇವದುರ್ಗದಲ್ಲಿ ಸೂಗಪ್ಪ ಎಂಬ ರಿಪೇರಿಯವನಿದ್ದಾನೆ, ಅವನನ್ನು ಕೇಳಿ ನೋಡಿ ಎಂದ. ಮಿನಾಜ್ ಓಡಿಹೋಗಿ ದೇವದುರ್ಗದ ಬಸ್ಸು ಹಿಡಿದಳು.

ಸೂಗಪ್ಪನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದೆ, ಎಳೆ ಬೇವಿನ ಗಿಡದ ಕೆಳಗಿತ್ತು. ನಿಮ್ಮದು ಯಾವ ಬೆಳೆ ಎಂದು ಆತ ಕೇಳಿದ. ಬೆಳೆಗಲ್ಲ, ಗಾಜು ತೊಳೆಯಲು ಎಂದಾಗ ನಕ್ಕ, ಆದರೂ ಎದ್ದು ಹುಡುಕಿದ. ಅವನಲ್ಲಿ ಎರಡು ಪಂಪು ಇದ್ದವು. ಒಂದು ಒಂಟಿ ಮೋಟರಿನದು, ಹೊಸದು, ಇನ್ನೂ ಪ್ಲಾಸ್ಟಿಕ್ ಹಾಳೆಯಲ್ಲೇ ಇತ್ತು. ಇನ್ನೊಂದು ಜೋಡಿ ಮೋಟರಿನದು, ಬಳಸಿದ್ದಾದರೂ ತಿಕ್ಕಿ ತೊಳೆದು ಹೊಳೆಯುತ್ತಿತ್ತು.

ನಮ್ಮ ರಾಯಚೂರು ಸೀಮೆಯಲ್ಲಿ ಪಂಪನ್ನು ಅಳೆಯಲು ಒಂದೇ ದಾರಿ. ನೀರು ಎಷ್ಟು ಎತ್ತರ ಹಾರುತ್ತದೆ? ಬೋರು ಕೊರೆಸಿದರೆ ಊರಿಗೆ ಊರೇ ಬಂದು ಕತ್ತೆತ್ತಿ ನಿಲ್ಲುವ ಜನ ನಾವು. ಸೂಗಪ್ಪ ಮೊದಲು ಸಣ್ಣದನ್ನು ಬ್ಯಾಟರಿಗೆ ಹಚ್ಚಿದ. ನೀರು ಅಂಗಡಿಯ ಬೋರ್ಡನ್ನೂ ಮುಟ್ಟದೆ ಬಾಗಿ ಬಿತ್ತು. ಚಹಾ ಕುಡಿಯುತ್ತ ನಿಂತವರು ನಕ್ಕರು, ಮಿನಾಜ್ ಕೂಡ ಮುಖ ತಿರುಗಿಸಿದಳು. ಆಮೇಲೆ ಆತ ಜೋಡಿ ಮೋಟರಿನದನ್ನು ಹಚ್ಚಿದ. ನೀರು ಸುಯ್ ಎಂದು ಎದ್ದು ಬೇವಿನ ಗಿಡದ ತುದಿ ದಾಟಿ ಆಚೆ ಬದಿಯ ತಗಡಿನ ಮೇಲೆ ಸದ್ದು ಮಾಡಿತು. ಮಿನಾಜ್‌ಗೆ ಅಳುವೇ ಬಂತು. ನಾಲ್ಕು ಅಂತಸ್ತು ಇನ್ನೇನು ಮಹಾ ಎನ್ನಿಸಿತು.

"ಎರಡೂ ಒಯ್ಯಿ, ಜಾಕಡ ಮ್ಯಾಲೆ," ಎಂದ ಸೂಗಪ್ಪ. "ಬೇಕಾದ್ದು ಇಟ್ಕೋ, ಬ್ಯಾಡಾದ್ದು ವಾಪಸ್ ಕಳಸು." ಹಾಗೆ ಒಪ್ಪಿಗೆಯಾಗುವ ತನಕ ಸರಕನ್ನು ನಂಬಿಕೆಯ ಮೇಲೆ ಕೊಟ್ಟು ಕಳಿಸುವುದು ಆ ಪೇಟೆಯ ಹಳೆಯ ರೂಢಿ. ಸಣ್ಣದನ್ನು ಹೊರುವುದು ದಂಡ ಎಂದುಕೊಂಡರೂ ಆಕೆ ಎರಡನ್ನೂ ಚೀಲಕ್ಕೆ ಹಾಕಿಕೊಂಡಳು. ಬಸ್ಸು ಹತ್ತಿದ ಕೂಡಲೇ ಮತೀನನಿಗೆ ಫೋನು ಮಾಡಿ, ಪಂಪು ಸಿಕ್ಕಿತು, ಹಗ್ಗದ ಸುದ್ದಿ ಎತ್ತಬೇಡ ಎಂದಳು.

ಬಸ್ಸು ಮಸರಕಲ್ ಮುಟ್ಟುವ ಹೊತ್ತಿಗೆ ಕಿಟಕಿಯ ಬಿಸಿಲು ತೊಡೆಯ ಮೇಲಿನ ಚೀಲವನ್ನು ಚೆನ್ನಾಗಿ ಕಾಯಿಸಿತ್ತು. ಅದರೊಳಗಿಂದ ಒಂದು ವಾಸನೆ ಎದ್ದಿತು. ಆಸ್ಪತ್ರೆಯ ನೆಲ ಒರೆಸುವ ಔಷಧಿಯನ್ನು ಹೋಲುವ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಅದು ಕಸದ ಎಣ್ಣೆ, ಹೊಲದ ಕಳೆ ಸುಡುವ ಔಷಧಿ.

ಆಕೆ ಮಾನ್ವಿ ತಾಲೂಕಿನ ಕುರ್ಡಿಯ ಹತ್ತಿ ಹೊಲದಲ್ಲಿ ಬೆಳೆದವಳು. ಅಬ್ಬಾ ಗುಲಾಮ್ ದಸ್ತಗೀರ್ ಮನೆಯಲ್ಲಿ ಎರಡು ಮಷಿನು ಇಟ್ಟಿದ್ದರು. ಒಂದು ಹುಳುವಿನ ಎಣ್ಣೆಗೆ, ಇನ್ನೊಂದು ಕಸದ ಎಣ್ಣೆಗೆ. ಎರಡನೆಯದರ ಪಟ್ಟಿಗೆ ಕೆಂಪು ಬಟ್ಟೆಯ ಚಿಂದಿ ಕಟ್ಟಿರುತ್ತಿತ್ತು. ಅದನ್ನು ಎಷ್ಟು ತೊಳೆದರೂ ಅಬ್ಬಾ ಹತ್ತಿಗೆ ಮುಟ್ಟಿಸುತ್ತಿರಲಿಲ್ಲ. ಒಮ್ಮೆ ಅಣ್ಣ ಮುಕರ್ರಂ ಅವಸರದಲ್ಲಿ ಅದನ್ನೇ ಹೊತ್ತುಕೊಂಡು ಹೋಗಿ ಹತ್ತಿಗೆ ಹೊಡೆದುಬಿಟ್ಟ. ವಾರದೊಳಗೆ ಎಲೆಗಳೆಲ್ಲ ಮುದುಡಿ ಮುರುಟಿ ಹೋದವು. ಅಮ್ಮಿ ಹೊಲದ ಬದುವಿನ ಮೇಲೆ ಕೂತು ಅತ್ತಿದ್ದಳು.

ಆಕೆ ಸೂಗಪ್ಪನಿಗೆ ಫೋನು ಮಾಡಿದಳು. ಆತ ಮುಚ್ಚಿಡಲಿಲ್ಲ.

"ಹೌದವ್ವಾ, ಕಸದ ಎಣ್ಣಿ ಮಷಿನಿಂದ ಬಿಚ್ಚಿದ್ದು. ನೀ ಗಾಜಿಗೆ ಅಂದಿ. ಗಾಜೇನು ಮುರುಟಿ ಹೋಗ್ತದೇನು? ಹತ್ತಿಗೆ ಅಂದಿದ್ರ ಕಾಲು ಹಿಡದ್ರೂ ಕೊಡ್ತಿರಲಿಲ್ಲ."

ಅವನದೇನೂ ತಪ್ಪಿರಲಿಲ್ಲ. ಯಾವ ಬೆಳೆ ಎಂದು ಕೇಳಿಯೇ ಕೇಳಿದ್ದ, ಬೆಳೆಯಿಲ್ಲ ಎಂದವಳು ತಾನೇ. ಬ್ರಷ್ಷಿನ ನೀರು ಗಾಜಿನ ಮೇಲೆ ನಿಲ್ಲುವುದಿಲ್ಲ ಎಂದು ಅವನಿಗೆ ಹೇಗೆ ಗೊತ್ತಾಗಬೇಕು. ಅದು ಕೋಲು ಹಿಡಿದವನ ಮುಖ ಮೈಮೇಲೆಲ್ಲ ಸುರಿಯುತ್ತದೆ. ಗಾಳಿ ಬೀಸಿದರೆ ತುಂತುರಾಗಿ ಕಿಟಕಿಯೊಳಗೂ ಹೋಗುತ್ತದೆ, ಕೆಳಗಿನ ಕಿಟಕಿಗಳೊಳಗೆ ಹಸಿ ಬಾಣಂತಿಯರಿದ್ದಾರೆ.

ಸಂಜೆ ಮನೆಯ ಬಚ್ಚಲಲ್ಲಿ ಕೂತು ಆಕೆ ಆ ಪಂಪಿನೊಳಗೆ ಸೋಡಾ ನೀರು ಹಾಯಿಸಿದಳು, ಸೋಪಿನ ನೀರು ಹಾಯಿಸಿದಳು, ಬಿಸಿನೀರು ಹಾಯಿಸಿದಳು. ಪ್ರತಿ ಸಲ ಮೂಗಿಗೆ ಹಿಡಿದಾಗಲೂ ವಾಸನೆ ಇತ್ತು, ಅಥವಾ ಇದೆ ಎಂದು ಅನ್ನಿಸುತ್ತಿತ್ತು. ಇಷ್ಟು ತೊಳೆದ ಮೇಲೆ ಏನಾದೀತು ಎಂದು ಒಂದು ಮನಸ್ಸು. ಅಬ್ಬಾ ಇದ್ದರೆ ಏನನ್ನುತ್ತಿದ್ದರು ಎಂದು ಇನ್ನೊಂದು. ಹೇಳಿದರೆ ಮತೀನ್ ಹಗ್ಗ ಹಿಡಿಯುತ್ತಾನೆ. ಹೇಳದೆ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆಕೆ ಹೇಳಲಿಲ್ಲ.

ಬೆಳಗಾದಾಗ ಮತೀನ್ ಹಾಸಿಗೆಯಲ್ಲಿರಲಿಲ್ಲ, ಅಟ್ಟದ ಮೇಲೆ ಚೀಲವೂ ಇರಲಿಲ್ಲ. ಅತ್ತೆ ಬಡೇಬೀ, ಆತ ನಮಾಜು ಮುಗಿಸಿ ಚಹಾ ಕೂಡ ಕುಡಿಯದೆ ಹೋದ ಎಂದರು. ಮಿನಾಜ್ ಎರಡೂ ಪಂಪನ್ನು ಎತ್ತಿಕೊಂಡು ಆಟೋ ಹತ್ತಿದಳು. ಆಸ್ಪತ್ರೆಯ ಗೇಟಿನಲ್ಲೇ ಕಂಡಿತು, ಮಾಳಿಗೆಯ ಕಟ್ಟೆಯಿಂದ ನೆಲದವರೆಗೆ ಹಗ್ಗ ಇಳಿಬಿದ್ದಿತ್ತು. ಕಾವಲುಗಾರರು, ಆಯಾಗಳು ಸುತ್ತ ನಿಂತು ಮೇಲೆ ನೋಡುತ್ತಿದ್ದರು. ಮತೀನ್ ಕೆಳಗೆ ಬಂದು, ಪಂಪು ಕೈಕೊಟ್ಟರೆ ಇರಲಿ ಎಂದು ಕಟ್ಟಿದ್ದೇನೆ ಎಂದ. ವಿಶಾಖಾ ಕಣ್ಣು ಕೀಳದೆ ಹಗ್ಗವನ್ನೇ ನೋಡುತ್ತಿದ್ದಳು.

ಮಿನಾಜ್ ಚೀಲಕ್ಕೆ ಕೈ ಹಾಕಿದಳು. ಮೊದಲು ಸಿಕ್ಕಿದ್ದು ದೊಡ್ಡ ಪಂಪೇ. ಅದನ್ನು ಹೊರಗೆ ತೆಗೆಯಲೂ ತೆಗೆದಳು. ಅಷ್ಟರಲ್ಲಿ ಕೆಳಗಿನ ವಾರ್ಡಿನ ಕಿಟಕಿ ತೆರೆಯಿತು. ಒಬ್ಬಳು ಬಾಣಂತಿ ಕೂಸನ್ನು ಎಳೆಬಿಸಿಲಿಗೆ ಹಿಡಿದು ನಿಂತಳು. ಮಿನಾಜ್ ಪಂಪನ್ನು ಮತ್ತೆ ಚೀಲಕ್ಕೆ ಹಾಕಿ, ಪ್ಲಾಸ್ಟಿಕ್ ಹಾಳೆ ಹರಿದು ಸಣ್ಣದನ್ನು ತೆಗೆದಳು.

ಮತೀನ್ ನೋಡಿದ. ದೊಡ್ಡದನ್ನು ಯಾಕೆ ಒಳಗಿಟ್ಟೆ ಎಂದು ಕೇಳಿದ.

"ಅದು ಕಸದ ಎಣ್ಣಿದು. ಹಚ್ಚಂಗಿಲ್ಲ," ಎಂದಳು. ಈ ಸಲ ಕನ್ನಡಕ್ಕೆ ಇಳಿದವಳು ಆಕೆ.

ಆತ ಪೈಪಿನ ತುದಿ ಹಿಡಿದು ಸಣ್ಣ ಪಂಪನ್ನು ಚಾಲೂ ಮಾಡಿ ನೋಡಿದ. ನೀರು ಅವನ ಎದೆಯಷ್ಟು ಎದ್ದು ಬಾಗಿ ಬಿತ್ತು. ಗುಂಪಿನಲ್ಲಿ ಯಾರೋ ನಕ್ಕರು. ಮತೀನ್ ಪೈಪನ್ನು ಆಕೆಯ ಕೈಗೆ ಕೊಟ್ಟು, ಕುಂಟುತ್ತಾ ಮೆಟ್ಟಿಲ ಕಡೆ ನಡೆದ. ಮಿನಾಜ್ ಬೇರೇನೂ ತೋಚದೆ ಪೈಪನ್ನು ಕೋಲಿಗೆ ಸಿಕ್ಕಿಸಿ, ಕೋಲಿನ ಒಂದೊಂದೇ ತುಂಡನ್ನು ಎಳೆಯುತ್ತ ನಾಲ್ಕನೇ ಅಂತಸ್ತಿಗೆ ಎತ್ತಿ ನಿಲ್ಲಿಸಿದಳು. ಕೋಲು ಓಲಾಡಿತು. ವಿಶಾಖಾ ಬಂದು ಕೆಳಗೆ ಕೈ ಕೊಟ್ಟಳು.

ಪಂಪು ಸಣ್ಣ ದನಿಯಲ್ಲಿ ಗುಂಯ್‌ಗುಡುತ್ತಿತ್ತು. ಪೈಪಿನಲ್ಲಿ ಗುಳ್ಳೆಗಳು ಮೇಲೇರಿದವು, ನೀರು ಕಾಣಲಿಲ್ಲ. ಮತೀನ್ ಆಗಲೇ ಎರಡನೇ ಅಂತಸ್ತಿನ ಮೆಟ್ಟಿಲ ಕಿಟಕಿ ದಾಟಿದ್ದ. ಪಂಪಿನ ದನಿ ಭಾರವಾಯಿತು, ಇದೂ ಸುಟ್ಟಿತು ಎಂದುಕೊಂಡು ಮಿನಾಜ್ ಕಣ್ಣು ಮುಚ್ಚಿದಳು. ಆಗ ಹಣೆಯ ಮೇಲೆ ತಣ್ಣನೆಯ ಹನಿ ಬಿತ್ತು. ಮತ್ತೊಂದು ಬಿತ್ತು. ಮೇಲೆ ನೋಡಿದರೆ ನಾಲ್ಕನೇ ಅಂತಸ್ತಿನ ಗಾಜಿನ ಮೇಲೆ ನೀರು ತೆಳುವಾಗಿ, ಸದ್ದಿಲ್ಲದೆ ಇಳಿಯುತ್ತಿತ್ತು.

ಕೋಲಿನೊಳಗಿನ ನೀರು ಹಾರಬೇಕಾಗಿರಲಿಲ್ಲ, ಏರಬೇಕಿತ್ತು ಅಷ್ಟೇ. ಮುಚ್ಚಿದ ಪೈಪಿನಲ್ಲಿ ದಬ್ಬಿದರೆ ಸಣ್ಣ ಪಂಪೂ ಅದನ್ನು ನಾಲ್ಕು ಅಂತಸ್ತು ಏರಿಸುತ್ತದೆ, ಗಾಜು ತೊಳೆಯಲು ಬೇಕಾದ ನೀರೂ ಅಷ್ಟೇ. ಬೇವಿನ ಗಿಡ ದಾಟಿಸುವುದನ್ನು ನೋಡಿ ಮೈಮರೆತದ್ದು ಆಕೆ, ನಕ್ಕದ್ದು ಇಡೀ ದೇವದುರ್ಗ.

"ಮತೀನ್," ಎಂದು ಕೂಗಿದಳು. ಆತ ಮೂರನೇ ಅಂತಸ್ತಿನ ಕಿಟಕಿಯಿಂದ ತಲೆ ಹೊರಹಾಕಿ, ನೀರು ನೋಡಿದ. ಆಮೇಲೆ ಇಳಿದು ಬಂದು ಕೋಲು ಹಿಡಿದ.

ನೀರು ನಿಧಾನ, ಕೆಲಸವೂ ನಿಧಾನ. ಸಂಜೆ ಹೊತ್ತಿಗೆ ಗಾಜೆಲ್ಲ ಬೆಳಗಿತು. ವಿಶಾಖಾ ಬಾಗಿಲಿಗೆ ಕಟ್ಟಲು ತಂದಿದ್ದ ಕೆಂಪು ರಿಬ್ಬನಿನಲ್ಲಿ ಒಂದು ತುಂಡು ಬೇಡಿ, ಮಿನಾಜ್ ದೊಡ್ಡ ಪಂಪಿಗೆ ಕಟ್ಟಿದಳು. ವಾಪಸು ಹೋದ ಮೇಲೆ ಸೂಗಪ್ಪ ಅದನ್ನು ಬಿಚ್ಚದಿದ್ದರೆ ಸಾಕು ಎಂದುಕೊಂಡಳು.

ಹಗ್ಗ ತೆಗೆಯಲು ಇಬ್ಬರೂ ಮಾಳಿಗೆ ಹತ್ತಿದರು. ಮಿನಾಜ್ ಗಂಟು ಬಿಚ್ಚಲು ಬಗ್ಗಿದಳು. ಗಂಟು ಇರಲಿಲ್ಲ. ನೀರಿನ ಟ್ಯಾಂಕಿನ ಕಂಬಕ್ಕೆ ಹಗ್ಗವನ್ನು ಒಂದು ಸುತ್ತು ತಂದು, ತುದಿಯ ಮೇಲೆ ಮರಳಿನ ಚೀಲ ಹೇರಿದ್ದ, ಅಷ್ಟೇ. ಆಕೆ ತುದಿಯನ್ನು ಎಳೆದಳು, ಸುಮ್ಮನೆ ಬಂದುಬಿಟ್ಟಿತು.

"ಹಾತಾಂ ನೈ ಚಲೇ, ಮಿನಾಜ್," ಎಂದ ಮತೀನ್ ದಖನಿಯಲ್ಲಿ. ಕೈಯೇ ಓಡಲಿಲ್ಲ. ಬೆಳಕು ಹರಿಯುವ ಮೊದಲೇ ಬಂದು ಕೂತು ಮತ್ತೆ ಮತ್ತೆ ಕಟ್ಟಲು ನೋಡಿದನಂತೆ. ಪ್ರತಿ ಸಲವೂ ಮಾನ್ವಿಯ ಆ ಗಂಟು ಕಣ್ಣೆದುರು ಬರುತ್ತಿತ್ತಂತೆ.

ನೀರು ಮೇಲೆ ಬರದಿದ್ದರೆ ಏನು ಮಾಡುತ್ತಿದ್ದೆ ಎಂದು ಆಕೆ ಕೇಳಿದಳು. ಆತ ಕಟ್ಟೆಯಾಚೆ, ಬೆಳಿಗ್ಗೆ ಜನ ನಿಂತಿದ್ದ ಜಾಗವನ್ನು ನೋಡಿದ. ಈ ಹಗ್ಗದಲ್ಲೇ ಇಳಿಯುತ್ತಿದ್ದೆ, ಎಂದ. ಎಲ್ಲರೂ ನೋಡುತ್ತಿದ್ದರಲ್ಲ.

ಮಿನಾಜ್ ಎರಡೂ ಕೈಯಿಂದ ಆತನ ಎದೆಗೆ ಗುದ್ದುತ್ತ ಅತ್ತಳು. ಆತ ಗುದ್ದಿಸಿಕೊಂಡ. ಕತ್ತಲಾಗುವ ಮೊದಲು ಆಕೆ ಹಗ್ಗವನ್ನು ಸುತ್ತಿ ತನ್ನ ಹೆಗಲಿಗೆ ಹಾಕಿಕೊಂಡಳು, ಒಂದು ಕೈಯಲ್ಲಿ ಆತನ ಕೈ ಹಿಡಿದು ಮೆಟ್ಟಿಲು ಇಳಿದಳು.