ಗೇರೆಣ್ಣೆಯ ಕಪ್ಪು

ಮಳೆಗೆ ಹೆಚ್ಚೆಂದರೆ ಹನ್ನೆರಡು ದಿನ ಉಳಿದಿದ್ದವು. ಐವತ್ತಾರನೆಯ ಇಸವಿಯ ಮೇ ತಿಂಗಳ ಕೊನೆಯ ಭಾನುವಾರ ಅದು. ಮುಂಬಯಿಯ ಜೋಗೇಶ್ವರಿಯಲ್ಲಿದ್ದ ನಮ್ಮ ಚಾಳಿನ ನಾಲ್ಕು ಕೋಣೆಗಳಿಗೆ ಒಂದೇ ಹಂಚಿನ ಮಾಡು, ಅಂಚಿನುದ್ದಕ್ಕೂ ಮಳೆನೀರು ಹರಿಯಲು ಒಂದೇ ತಗಡಿನ ದೋಣಿ. ಎರಡೂ ಹಳೆಯವು. ಘಾಟ್ಕೋಪರಿನಲ್ಲಿ ಮರದ ವಖಾರಿ ಇಟ್ಟಿದ್ದ ಚಾಳಿನ ಯಜಮಾನರು ಕಾಗದ ಬರೆದಿದ್ದರು. ಒಡೆದ ಹಂಚು ಬದಲಿಸಿ ಹೊಸ ದೋಣಿ ಹಾಕಿಸಿದರೆ ಸಾಕೇ, ಇಲ್ಲ ಇಡೀ ಮಾಡನ್ನೇ ಇಳಿಸಿ ಹೊಸತು ಕಟ್ಟಿಸಬೇಕೇ? ಎರಡನೆಯದಾದರೆ ಎಲ್ಲರೂ ಒಂದು ತಿಂಗಳು ಕೋಣೆ ಖಾಲಿ ಮಾಡಬೇಕು. ನೋಡಿ ತಿಳಿಸಿ, ಸಹಿ ಹಾಕಿ.

ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತು ಗುಮಾಸ್ತನಾದವನು ನಾನು. ಚಾಳಿನಲ್ಲಿ ಇಂಗ್ಲಿಷ್ ಬರೆಯಬಲ್ಲವನು ನಾನೊಬ್ಬನೇ. ಆದ್ದರಿಂದ ನೋಡುವವನೂ ನಾನೇ ಎಂದಾಯಿತು. ಬರೆಯಲು ಬರುವುದಕ್ಕೂ ಮಾಡಿನ ವಿಷಯ ಗೊತ್ತಿರುವುದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

"ರಿಪೇರಿ ಅಂತಲೇ ಬರೆ, ಸದಾನಂದ," ಎಂದರು ಕೊನೆಯ ಕೋಣೆಯ ಮೋಹಿನಿಯಕ್ಕ. ಹಪ್ಪಳ ಮಾಡಿ ಮಾರಿ ಒಬ್ಬರೇ ಬದುಕುವ ವಿಧವೆ. "ಅಂಧೇರಿಯಲ್ಲಿ ಆ ಕೊಂಕಣಿಯವರ ಚಾಳು ಏನಾಯ್ತು, ಗೊತ್ತುಂಟಲ್ಲ? ಒಂದು ತಿಂಗಳು ಅಂತ ಹೊರಗೆ ಹಾಕಿದ್ರು. ವಾಪಸು ಬರುವಾಗ ಬಾಗಿಲಿಗೆ ಬೇರೆಯವರ ಬೀಗ."

ಗೊತ್ತಿತ್ತು. ಆರು ತಿಂಗಳ ಮಗಳನ್ನು ಎತ್ತಿಕೊಂಡು ನಾವು ಎಲ್ಲಿಗೆ ಹೋಗುವುದು ಎಂದು ನನ್ನ ಹೆಂಡತಿ ರಾಜೀವಿ ವಾರದಿಂದ ಕೇಳುತ್ತಿದ್ದಳು.

ಯಜಮಾನರ ವಖಾರಿಯಲ್ಲೇ ಕೆಲಸಕ್ಕಿದ್ದ ಉಳ್ಳಾಲದ ಬಡಗಿ ದೂಜಣ್ಣ ಏಣಿ ತಂದರು. ಮೊದಲು ನಮ್ಮ ಕೋಣೆಯೊಳಗೆ ನಿಂತು ತಲೆಯೆತ್ತಿ ನೋಡಿದರು. ಹಂಚು ಹೊತ್ತ ಮರದ ಪಕಾಸುಗಳೆಲ್ಲ ಕಪ್ಪಗೆ ಮಿರುಗುತ್ತಿದ್ದವು.

"ಗೇರೆಣ್ಣೆಯಾ?"

"ಹೌದು. ವರ್ಷವೂ ನಾನೇ ಬಳಿಯುತ್ತೇನೆ. ನಾಲ್ಕು ಕೋಣೆಗೂ."

ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕರಿ ಎಣ್ಣೆಯನ್ನು ಬಳಿದರೆ ಮರ ತಿನ್ನುವ ಒರಲೆ ಹತ್ತಿರ ಸುಳಿಯುವುದಿಲ್ಲ. ಊರಿನಿಂದ ಭಾವ ಬರುವಾಗ ಒಂದು ಡಬ್ಬಿ ತರುತ್ತಿದ್ದರು.

"ಹಾಗಾದ್ರೆ ಎಂತ ನೋಡ್ಲಿಕ್ಕುಂಟು ಮಾರಾಯ್ರೆ! ನಮ್ಮ ಮಕ್ಕಳ ಕಾಲಕ್ಕೂ ಇದಕ್ಕೆ ಏನಾಗುದಿಲ್ಲ. ದೋಣಿ ಮಾತ್ರ ಹೋಗಿದೆ."

ನನಗೆ ಎದೆ ಹಗುರಾಯಿತು. ರಿಪೇರಿ ಸಾಕು ಎಂಬ ವಾಕ್ಯವನ್ನು ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿ ಜೋಡಿಸುತ್ತಲೇ ಹೊರಗೆ ಬಂದು ಏಣಿ ಹಿಡಿದೆ.

ದೂಜಣ್ಣ ಮೇಲೆ ಹತ್ತಿ ದೋಣಿಯ ಕೊಕ್ಕೆ ಕಳಚಿದರು. ತುಕ್ಕು ಹಿಡಿದ ತಗಡು ಕೆಳಗಿಳಿಯಿತು. ಅದರೊಂದಿಗೆ ಪಕಾಸಿನ ತುದಿಯೊಂದು ಗೇಣುದ್ದ ಮುರಿದು ನನ್ನ ಕಾಲ ಬಳಿ ಬಿತ್ತು. ಬಿದ್ದ ಸದ್ದೇ ಆಗಲಿಲ್ಲ. ಎತ್ತಿಕೊಂಡೆ. ಹೊರಗೆ ಕಪ್ಪು ಹೊಳಪು, ಉಗುರಿನಷ್ಟು ದಪ್ಪದ ಸಿಪ್ಪೆ. ಒಳಗೆ ಒದ್ದೆ ಮಣ್ಣು, ಅದರಲ್ಲಿ ಬಿಳಿ ಒರಲೆಗಳು ಹರಿದಾಡುತ್ತಿದ್ದವು.

ದೂಜಣ್ಣ ಇಳಿದು ಬಂದರು. ಮುಖ ಬದಲಾಗಿತ್ತು. "ಸದಾನಂದಣ್ಣ, ಯಾವಾಗ ಬಳಿಯುದು ನೀವು ಎಣ್ಣೆ?"

"ಭಾವ ಬಂದಾಗ. ಜೂನಿನಲ್ಲಿ..."

"ಮಳೆ ಶುರುವಾದ ಮೇಲೆ!"

ಅವರು ಮುಂದೆ ಹೇಳಬೇಕಾಗಿರಲಿಲ್ಲ. ಊರಿನಲ್ಲಿ ಅಪ್ಪ ಬಿರುಬಿಸಿಲಿನಲ್ಲಿ, ಮರ ಕಾದು ಬಿಸಿಯಾದ ಮೇಲಷ್ಟೇ ಎಣ್ಣೆ ಮುಟ್ಟುತ್ತಿದ್ದರು. ನಾನು ಅದನ್ನು ಕಣ್ಣಾರೆ ಕಂಡವನು. ಸೋರುವ ದೋಣಿಯಿಂದ ನೀರು ಕುಡಿದ ಮರದ ಮೇಲೆ ನಾಲ್ಕು ವರ್ಷ ಎಣ್ಣೆ ಬಳಿದು, ಆ ನೀರು ಹೊರಗೆ ಬರದಂತೆ ಮುಚ್ಚಿದವನು ನಾನೇ. ಕಪ್ಪು ಕಂಡರೆ ನಮ್ಮ ಕಡೆಯವರು ಮರವನ್ನು ತಟ್ಟಿಯೂ ನೋಡುವುದಿಲ್ಲ.

ಥಟ್ಟನೆ ತೊಟ್ಟಿಲ ನೆನಪಾಯಿತು.

ದೂಜಣ್ಣನ ಕೈಯಿಂದ ಉಳಿ ಕಸಿದುಕೊಂಡು ಒಳಗೆ ಓಡಿದೆ. ಗಾಳಿ ಬರಲೆಂದು ತೊಟ್ಟಿಲನ್ನು ಕಿಟಕಿಯ ಮೇಲಿನ ಪಕಾಸಿಗೆ ಕಟ್ಟಿದ್ದೆವು. ಮಗು ನಿದ್ದೆ ಹೋಗಿತ್ತು. ರಾಜೀವಿ ಒಂದು ಕೈಯಲ್ಲಿ ತೂಗುತ್ತ ಅಕ್ಕಿ ಆರಿಸುತ್ತಿದ್ದಳು. ಪೆಟ್ಟಿಗೆಯ ಮೇಲೆ ಹತ್ತಿ ಹಗ್ಗದ ಪಕ್ಕದಲ್ಲಿ ಉಳಿ ಒತ್ತಿದೆ. ಬಲ ಹಾಕಲಿಲ್ಲ. ಅದು ಮೂರು ಬೆರಳು ಒಳಗೆ ಹೋಯಿತು.

"ಮಗುವನ್ನು ಎತ್ತು."

"ಈಗಷ್ಟೇ ಮಲಗಿದೆ, ಎಂತಕ್ಕೆ—"

"ಎತ್ತು, ರಾಜೀವಿ!"

ನಾನು ಅವಳ ಮೇಲೆ ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಮೇಲೆ ನೋಡಿದಳು. ಉಳಿ ಮರದಲ್ಲಿಯೇ ನೆಟ್ಟಿತ್ತು. ಅವಳು ಮತ್ತೇನೂ ಕೇಳದೆ, ನಾನು ಓದಲೆಂದು ಕೊಂಡ ಮೇಜಿನ ಕೆಳಗೆ ಚಾದರ ಹಾಸಿ ಮಗುವನ್ನು ಮಲಗಿಸಿದಳು.

ಉಳಿ ಕಿತ್ತುಕೊಂಡು ಹೊರಗೆ ಬಂದಾಗ ದೂಜಣ್ಣ ಪಿಸುದನಿಯಲ್ಲಿ ಹೇಳಿದರು: "ಹೊಸ ದೋಣಿ ಹಾಕಿದ್ರೆ ತುದಿ ಯಾರಿಗೂ ಕಾಣುದಿಲ್ಲ. ಈ ಒಂದು ಮಳೆಗಾಲ ನಿಂತರೂ ನಿಂತೀತು."

ನಿಂತರೂ ನಿಂತೀತು. ಆ ಮಾತಿನ ಮೇಲೆ ನನಗೆ ಆಸೆಯಾಯಿತು ಎಂಬುದನ್ನು ಮುಚ್ಚಿಡಲಾರೆ. ಹೊಸ ಮಾಡು ಎಂದು ಬರೆದರೆ ನಾಲ್ಕು ಸಂಸಾರ ಬೀದಿಗೆ. ರಿಪೇರಿ ಎಂದು ಬರೆದರೆ, ಜುಲೈಯ ಒಂದು ಜಡಿಮಳೆಗೆ ಹಂಚಿನ ರಾಶಿಯೆಲ್ಲ ಮಲಗಿದವರ ಮೇಲೆ. ಎರಡರ ಕೆಳಗೂ ನನ್ನದೇ ಸಹಿ.

ಮೋಹಿನಿಯಕ್ಕನ ಕೋಣೆಗೆ ಹೋಗಿ ವಿಷಯ ಹೇಳಿದೆ. ನನ್ನ ಎಣ್ಣೆಯ ತಪ್ಪನ್ನೂ ಹೇಳಿದೆ. ಅವರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಓದಿದವರಿಗೆ ಹೀಗೇ, ಎಲ್ಲದಕ್ಕೂ ಹೆದರಿಕೆ. ನೀನು ಆಫೀಸಿನವ, ಬೇರೆ ಕೋಣೆ ಸಿಕ್ಕೀತು. ನನ್ನ ಹಪ್ಪಳ ಎಲ್ಲಿ ಒಣಗಿಸ್ಲಿ? ನಿನ್ನ ತಲೆ ಮೇಲಾ?"

ಉಳಿಯನ್ನು ಅವರ ಕೈಗೆ ಕೊಟ್ಟು, ಅವರ ಹಾಸಿಗೆಯ ಮೇಲಿನ ಪಕಾಸನ್ನು ತೋರಿಸಿದೆ. ಅವರು ಮಣೆಯ ಮೇಲೆ ನಿಂತು ಒತ್ತಿದರು. ಕಪ್ಪು ಸಿಪ್ಪೆ ಬಿರಿದು ಮಣ್ಣು ಅವರ ಹಣೆಯ ಮೇಲೆ ಉದುರಿತು. ಅದನ್ನು ಒರೆಸಿಕೊಳ್ಳದೆ ಅವರು ಪಕ್ಕದ ಪಕಾಸಿಗೂ ಉಳಿ ಒತ್ತಿದರು.

"ಬರೆ," ಎಂದರು ಕೊನೆಗೆ. "ಹೊಸ ಮಾಡೇ ಆಗ್ಬೇಕು ಅಂತ ಬರೆ. ಆದ್ರೆ ನಾವು ಹೊರಗೆ ಹೋಗುದಿಲ್ಲ ಅಂತಲೂ ಬರೆ. ಒಂದೊಂದೇ ಕೋಣೆ ಬಿಚ್ಚಲಿ. ಬಿಚ್ಚಿದ ಕೋಣೆಯವರು ಉಳಿದವರಲ್ಲಿ ಮಲಗುದು. ನಿನ್ನ ರಾಜೀವಿಯೂ ಮಗುವೂ ಇವತ್ತಿನಿಂದ ನನ್ನ ಬಾಗಿಲ ಹತ್ತಿರ ಮಲಗಲಿ. ಅಲ್ಲಿ ಮಾಡು ಹೊರ್ಲಿಕ್ಕೆ ಗೋಡೆಯಾದ್ರೂ ಉಂಟು."

ಉಳಿದೆರಡು ಕೋಣೆಯವರೂ ಉಳಿ ಒತ್ತಿ ನೋಡಿ ತಲೆಯಾಡಿಸಿದರು. ನಾನು ಕಾಗದವನ್ನು ಮೂರು ಸಲ ಬರೆದೆ. ಪ್ರತಿ ಸಲವೂ ಸಹಿ ಬೇರೆ ಬೇರೆಯಾಗಿ ಬಂತು. ಮರುದಿನ ಬೆಳಿಗ್ಗೆ ಸ್ಟೇಷನ್ನಿನ ಟಪಾಲು ಡಬ್ಬಿಗೆ ಹಾಕಿ, ಬಿತ್ತೋ ಇಲ್ಲವೋ ಎಂದು ಬೆರಳು ತೂರಿಸಿ ನೋಡಿದೆ. ಆಫೀಸಿನಲ್ಲಿ ಎಂಟು ಗಂಟೆ ಹೇಗೆ ಕಳೆಯಿತೋ ತಿಳಿಯದು.

ಸಂಜೆ ಬಂದಾಗ ಚಾಳಿನ ಮುಂದೆ ಕೈಗಾಡಿ ನಿಂತಿತ್ತು, ಅದರ ತುಂಬ ದೂಜಣ್ಣ ಯಜಮಾನರ ವಖಾರಿಯಿಂದಲೇ ತಂದ ಹೊಸ ಪಕಾಸುಗಳು. ನಮ್ಮ ಕೋಣೆಯ ಅರ್ಧ ಮಾಡು ಆಗಲೇ ಬಯಲಾಗಿತ್ತು. ದೂಜಣ್ಣ ಮೇಲಿದ್ದರು. ಮೋಹಿನಿಯಕ್ಕ ಕೆಳಗೆ ಹಂಚು ಜೋಡಿಸುತ್ತಿದ್ದರು.

"ಯಜಮಾನರ ಉತ್ತರ ಬಂತಾ?" ಎಂದು ಕೇಳಿದೆ.

"ಉತ್ತರ ಬರುವವರೆಗೆ ಮಳೆ ಕಾಯ್ತದಾ?" ಎಂದರು ಮೋಹಿನಿಯಕ್ಕ.

"ಅವರು ಕೇಳಿದರೆ?"

"ಸದಾನಂದಣ್ಣ ಬರೆದುಕೊಟ್ಟಿದ್ದಾರೆ ಅಂತೇನೆ!" ದೂಜಣ್ಣ ಮೇಲಿನಿಂದ ನಕ್ಕರು. ಆದರೆ ನಗುತ್ತಲೇ ಪಶ್ಚಿಮದ ಕಡೆ ನೋಡಿದರು. ಅಲ್ಲಿ ಮೋಡ ಕಟ್ಟುತ್ತಿತ್ತು.

ಬೇಡ, ನಿಲ್ಲಿಸಿ ಎಂದು ಹೇಳಬಹುದಿತ್ತು. ಮೋಹಿನಿಯಕ್ಕನ ಬಾಗಿಲಲ್ಲಿ ರಾಜೀವಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ನಾನು ಕೋಟು ಕಳಚಿ ಅವಳ ಕೈಗೆ ಕೊಟ್ಟು ಏಣಿಯ ಬುಡ ಹಿಡಿದೆ.

"ಗಟ್ಟಿ ಹಿಡೀರಿ ಮಾರಾಯ್ರೆ," ಎಂದರು ದೂಜಣ್ಣ, "ನೀವು ನಡುಗುದು ಇಲ್ಲಿಯವರೆಗೆ ಬರ್ತದೆ."

ಎರಡೂ ಕೈಗಳಿಂದ ಹಿಡಿದೆ. ಅವರು ಮೊದಲ ಹೊಸ ಪಕಾಸಿಗೆ ಕೈ ಚಾಚಿದರು.