ಹೋ ಅಂದ ಮೇಲೆ

ಹಲಗೆ ಹೇರಿದ ಕುದುರೆಗಾಡಿ ಇಳಿಜಾರಿನ ಓಣಿಯಲ್ಲಿ ನಿಂತಿತ್ತು. ಚಕ್ರದ ಕೀಲು ಸಡಿಲವಾಗಿದೆಯೆಂದು ಅಪ್ಪ ಗಾಡಿಯಡಿಗೆ ತೂರಿದ್ದ. ಅದೇ ಹೊತ್ತಿಗೆ ಹಾಳಾದ ಲಾರಿಯೊಂದು ಹಿಂದಿನಿಂದ ಹಾರ್ನ್ ಬಾರಿಸಬೇಕೆ? ಕುದುರೆ ಬೆಚ್ಚಿ ಒಂದು ಹೆಜ್ಜೆ ಮುಂದಿಟ್ಟಿತು. ಚಕ್ರ ಅಪ್ಪನ ಅಂಗಿಯ ತೋಳನ್ನು ನೆಲಕ್ಕೆ ಅದುಮಿತು. ಇನ್ನೊಂದು ಹೆಜ್ಜೆ ಇಟ್ಟರೆ ಎದೆಯ ಮೇಲೇ.

"ಹೋ, ಹೋ, ಹೋ," ಎಂದು ತಮ್ಮ ಲಗಾಮು ಜಗ್ಗುತ್ತಿದ್ದ. ಜಗ್ಗಿದಷ್ಟೂ ಕುದುರೆ ಕತ್ತು ಕೊಡವುತ್ತಿತ್ತು.

ಹಿಂದೆ ಹಗ್ಗ ಬಿಗಿಯುತ್ತಿದ್ದ ಅಕ್ಕ ಓಡಿಬಂದಳು.

ಅವರ ಮನೆಯಲ್ಲಿ ಕುದುರೆ ನಿಲ್ಲಿಸುವ 'ಹೋ' ಎಂಬುದನ್ನು ಬಾಯಿಗೆ ಬಂದಂತೆ ಆಡುವಂತಿರಲಿಲ್ಲ. ಮೆತ್ತಗೆ, ಒಂದೇ ಸಲ ಅನ್ನಬೇಕು. ಅಂದ ಕೂಡಲೇ ಲಗಾಮು ಸಡಿಲ ಬಿಡಬೇಕು. ಆಟಕ್ಕೆ ಅಂದರೂ ಅಪ್ಪ ಕಿವಿ ಹಿಂಡುತ್ತಿದ್ದ. "ಹೋ ಅಂದ್ರೆ, ಇನ್ನು ನಿನ್ನ ಬಾಯಿ ಎಳೆಯಲ್ಲ ಅಂತ ಮಾತು ಕೊಟ್ಟ ಹಾಗೆ ಕಣ್ರೋ," ಎನ್ನುತ್ತಿದ್ದ. ಮೂರು ತಿಂಗಳಿಂದ ಗಾಡಿ ಹೊಡೆಯುತ್ತಿದ್ದ ಈ ಮಹಾ ಬುದ್ಧಿವಂತ ತಮ್ಮನಿಗೋ, ತಿರುವಿಗೂ ಹೋ, ಬೈಗುಳಕ್ಕೂ ಹೋ, ಮೇಲೊಂದು ಜಗ್ಗು.

"ಕೊಡೋ ಇಲ್ಲಿ ಲಗಾಮು."

"ಬಿಟ್ರೆ ಅಪ್ಪ ಉಳಿಯಲ್ಲ ಅಕ್ಕ."

"ಹಿಡ್ಕೊಂಡ್ರೂ ಉಳಿಯಲ್ಲ. ಬಿಡು."

ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆ ಮಾತಿನ ಮೇಲೆ ಕುದುರೆಗೆ ನಂಬಿಕೆ ಇಷ್ಟರಲ್ಲೇ ಕೆಟ್ಟುಹೋಗಿದ್ದರೆ?

"ಹೋ," ಎಂದಳು, ಒಂದೇ ಸಲ. ಲಗಾಮು ಜೋತುಬೀಳುವಷ್ಟು ಸಡಿಲ ಬಿಟ್ಟಳು.

ಕುದುರೆಯ ಕಿವಿ ಅವಳತ್ತ ತಿರುಗಿತು. ಮುಂಗಾಲು ಮೇಲೆದ್ದಿತು. ತಮ್ಮ ಕಣ್ಣು ಮುಚ್ಚಿಕೊಂಡ.

ಕಾಲು ಎದ್ದಲ್ಲಿಗೇ ಇಳಿಯಿತು. ಕುದುರೆ ಉಸಿರು ಬಿಟ್ಟು ತಲೆ ತಗ್ಗಿಸಿ ನಿಂತಿತು.

ಅಪ್ಪ ಅಂಗಿಯ ತೋಳು ಹರಿದುಕೊಂಡು ತೆವಳಿ ಹೊರಬಂದ. ಅಪ್ಪ ಮಕ್ಕಳತ್ತ ನೋಡಲೂ ಇಲ್ಲ. ನೇರ ಕುದುರೆಯ ಬಳಿ ಹೋಗಿ ತುಟಿ ಎತ್ತಿ ನೋಡಿದ. ಬಾಯಿಯ ಎರಡೂ ಮೂಲೆ ಕಿತ್ತು ರಕ್ತ ಹೆಪ್ಪುಗಟ್ಟಿತ್ತು.

"ಮೂರು ತಿಂಗಳು ಇದಕ್ಕೆ ಸುಳ್ಳು ಹೇಳಿದೀಯ," ಎಂದ ತಮ್ಮನಿಗೆ. "ಆದ್ರೂ ನಂಬ್ತಲ್ಲೋ."

ತಮ್ಮ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಕುದುರೆಯ ಕತ್ತು ಸವರಲು ಕೈ ಚಾಚಿದ. ಅದು ಮುಖ ಆಚೆ ತಿರುಗಿಸಿತು.